ಹಲ್ಲುಪುಡಿ ಔಷಧವೇ, ಬ್ಯಾಂಡೇಜು ಔಷಧವೇ?

ಗಾಯಕ್ಕೆ ಸುತ್ತುವ ಬಟ್ಟೆಯ ಪಟ್ಟಿ ಔಷಧವೇ? ಮನೆಯಲ್ಲಿ ಯಾರನ್ನು ಕೇಳಿದರೂ ನಕ್ಕುಬಿಟ್ಟಾರು. ಪಟ್ಟಿಯ ಕೆಳಗೆ ಹಚ್ಚುವ ಮುಲಾಮು ಔಷಧ, ಪಟ್ಟಿ ಬರೀ ಬಟ್ಟೆ. 1962ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮುಂಬಯಿಯ ವ್ಯಾಪಾರಿಯೊಬ್ಬರ ವಾದವೂ ಇದೇ ಆಗಿತ್ತು. ಅವರಲ್ಲಿ ಸಿಕ್ಕ ಬ್ಯಾಂಡೇಜು, ಗಾಜ್ ಬಟ್ಟೆ ಮತ್ತು ಆಸ್ಪತ್ರೆಯಲ್ಲಿ ಬಳಸುವ ಹತ್ತಿ ನಿಗದಿತ ಗುಣಮಟ್ಟದ್ದಲ್ಲ ಎಂದು ಔಷಧ ಕಾಯಿದೆಯ ಪ್ರಕಾರ ಮೊಕದ್ದಮೆ ಹೂಡಲಾಗಿತ್ತು. ಹತ್ತಿ ಬಟ್ಟೆಗಳು ಔಷಧವೇ ಅಲ್ಲವೆಂದ ಮೇಲೆ ಔಷಧ ಕಾಯಿದೆ ತಮ್ಮನ್ನು ಮುಟ್ಟುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ.

ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಬರೆದ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ಕಾಯಿದೆಯ ವ್ಯಾಖ್ಯೆಯಲ್ಲಿ ಎರಡು ಮಾತುಗಳಿವೆ: ಒಂದು, ಹೊಟ್ಟೆಗೆ ಕೊಡುವ ಅಥವಾ ಮೈಮೇಲೆ ಹಚ್ಚುವ ಎಲ್ಲ ಔಷಧಗಳು, ಇನ್ನೊಂದು, ಚಿಕಿತ್ಸೆಯಲ್ಲಿ ಬಳಸಲು ಉದ್ದೇಶಿಸಿದ ಎಲ್ಲ ಪದಾರ್ಥಗಳು. ಎರಡನೆಯ ಮಾತಿಗೆ ಏನಾದರೂ ಅರ್ಥವಿರಬೇಕಾದರೆ ಅದು ಔಷಧವಲ್ಲದ, ಆದರೆ ಚಿಕಿತ್ಸೆಗೆ ಬೇಕಾದ ವಸ್ತುವನ್ನೇ ಸೂಚಿಸಬೇಕು. ಮುಲಾಮು ಶುದ್ಧವಾಗಿದ್ದು ಅದರ ಮೇಲೆ ಕಟ್ಟುವ ಪಟ್ಟಿ ಕೊಳಕಾಗಿದ್ದರೆ ಕಾಯಿದೆ ಮಾಡಿ ಏನು ಪ್ರಯೋಜನ? ಹೀಗೆ ಬಟ್ಟೆ ಕಾನೂನಿನ ಕಣ್ಣಿನಲ್ಲಿ ಔಷಧವಾಯಿತು.

ಮುಂದೆ 1995ರಲ್ಲಿ ಇದೇ ನ್ಯಾಯಾಲಯದ ಮುಂದೆ ಇದಕ್ಕೆ ನೇರ ವಿರುದ್ಧವಾದ ಕೋರಿಕೆ ಬಂದಿತು. ಬೈದ್ಯನಾಥ್ ಆಯುರ್ವೇದ ಭವನವು ತಾನು ತಯಾರಿಸುವ ಕೆಂಪು ಹಲ್ಲುಪುಡಿ ‘ದಂತಮಂಜನ್ ಲಾಲ್’ ಔಷಧವೆಂದು ವಾದಿಸಿತು. ತಯಾರಿಕೆಗೆ ಔಷಧ ಇಲಾಖೆಯ ಪರವಾನಗಿಯೇ ಇತ್ತು. ಆದರೂ ನ್ಯಾಯಾಲಯ ಅದು ಔಷಧವಲ್ಲ ಎಂದಿತು. ಒಬ್ಬರು ತಮ್ಮ ಸರಕು ಔಷಧವಲ್ಲ ಎಂದರೆ ಹೌದೆನ್ನುವ, ಇನ್ನೊಬ್ಬರು ಹೌದೆಂದರೆ ಅಲ್ಲವೆನ್ನುವ ಈ ವಿಚಿತ್ರ ಹೇಗೆ ಬಂತೆಂದು ತಿಳಿಯಬೇಕಾದರೆ ಆ ಶಬ್ದ ನಮ್ಮ ಕಾಯಿದೆ ಪುಸ್ತಕಗಳೊಳಗೆ ನಡೆದುಬಂದ ದಾರಿಯನ್ನು ನೋಡಬೇಕು.

ಔಷಧಕ್ಕೆ ಗಡಿ ಹಾಕುವುದು ಎಂದೂ ಸುಲಭವಾಗಿರಲಿಲ್ಲ. ಕನ್ನಡದ ‘ಮದ್ದು’ ಎಂಬ ಪುಟ್ಟ ಪದವನ್ನೇ ನೋಡಿ. ಅಜ್ಜಿ ಅರೆದು ಕೊಡುವ ಬಜೆ, ಜಾಯಿಕಾಯಿಯೂ ಮದ್ದು. ಬಂದೂಕಿಗೆ ತುಂಬುವುದೂ ಮದ್ದು. ಹಗೆಯವರು ಊಟದಲ್ಲಿ ಬೆರೆಸಿ ‘ಹಾಕಿದರು’ ಎನ್ನುವಾಗ ಅದು ವಿಷ. ಮಾತನಾಡುವವರಿಗೆ ಇದರಿಂದ ತೊಂದರೆಯಿಲ್ಲ, ಸಂದರ್ಭವೇ ಅರ್ಥವನ್ನು ಹೇಳಿಬಿಡುತ್ತದೆ. ಕಾನೂನಿಗೆ ಆ ಅನುಕೂಲವಿಲ್ಲ. ಒಬ್ಬನನ್ನು ಜೈಲಿಗೆ ಕಳಿಸಬೇಕಾದರೆ, ಒಂದು ಸರಕಿಗೆ ಸುಂಕ ಹೇರಬೇಕಾದರೆ ಅದು ಪದದ ಬೇಲಿಯನ್ನು ಮೊದಲೇ ಹಾಕಬೇಕಾಗುತ್ತದೆ.

1860ರ ಭಾರತೀಯ ದಂಡಸಂಹಿತೆ ಆ ಗೊಡವೆಗೆ ಹೋಗಲಿಲ್ಲ. ಅದರ 274ರಿಂದ 276ರವರೆಗಿನ ಕಲಮುಗಳು ಔಷಧದ ಕಲಬೆರಕೆಯನ್ನೂ ಒಂದು ಔಷಧವನ್ನು ಮತ್ತೊಂದರ ಹೆಸರಿನಲ್ಲಿ ಮಾರುವುದನ್ನೂ ಅಪರಾಧವೆಂದವು. ಔಷಧ ಎಂದರೇನು ಎಂದು ಹೇಳಲಿಲ್ಲ. ಶಿಕ್ಷೆ ಆರು ತಿಂಗಳು ಅಥವಾ ಒಂದು ಸಾವಿರ ರೂಪಾಯಿ ದಂಡ. ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವಾಗಲಿ, ಅಂಗಡಿಗೆ ನುಗ್ಗಿ ಮಾದರಿ ತೆಗೆಯುವ ಇನ್‌ಸ್ಪೆಕ್ಟರ್ ಆಗಲಿ ಆ ಕಲಮುಗಳ ಬೆನ್ನಿಗೆ ಇರಲಿಲ್ಲ.

ಮೊದಲ ಮಹಾಯುದ್ಧದ ನಂತರ ಪಾಶ್ಚಾತ್ಯ ಔಷಧಗಳ ಆಮದು ಹೆಚ್ಚಿ, ನಕಲಿ ಸರಕೂ ಅದರ ಹಿಂದೆಯೇ ಬಂದಿತು. ಎಲ್ಲಕ್ಕಿಂತ ದೊಡ್ಡ ದೂರು ಕ್ವಿನೈನಿನದು. ಚಳಿಜ್ವರದಿಂದ ಊರಿಗೆ ಊರೇ ನಡುಗುತ್ತಿದ್ದ ಕಾಲ. ಮಲೆನಾಡಿನ ಹಳೆಯ ತಲೆಮಾರಿನವರಿಗೆ ಆ ಕಹಿಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಆ ಕ್ವಿನೈನೇ ಸತ್ವವಿಲ್ಲದ ಪುಡಿಯಾಗಿದ್ದರೆ ರೋಗಿಯ ಗತಿಯೇನು? ಶಾಸನಸಭೆಗಳಲ್ಲಿ ಕೂಗೆದ್ದ ಮೇಲೆ 1930ರಲ್ಲಿ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಕಲ್ಕತ್ತೆಯಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದ ಚೋಪ್ರಾ ದೇಶೀಯ ಮೂಲಿಕೆಗಳನ್ನೂ ಆಳವಾಗಿ ಬಲ್ಲವರು. 1931ರಲ್ಲಿ ಬಂದ ಅವರ ವರದಿ ದೇಶಕ್ಕೆಲ್ಲ ಒಂದೇ ಕಾಯಿದೆ ಬೇಕೆಂದಿತು. ಅದು ಕೈಗೂಡಿದ್ದು 1940ರಲ್ಲಿ.

ಆ ಕಾಯಿದೆಯಲ್ಲಿ ಔಷಧದ ವ್ಯಾಖ್ಯೆ ಬಂದಿತು. ಮನುಷ್ಯರ ಅಥವಾ ಪ್ರಾಣಿಗಳ ರೋಗವನ್ನು ವಾಸಿಮಾಡಲು, ತಗ್ಗಿಸಲು, ತಡೆಯಲು ಬಳಸುವ ಔಷಧಗಳು ಮತ್ತು ಪದಾರ್ಥಗಳೆಲ್ಲ ಅದರೊಳಗೆ ಸೇರಿದವು. ಆದರೆ ಕೊನೆಗೊಂದು ಬಾಲವಿತ್ತು: ಆಯುರ್ವೇದ ಅಥವಾ ಯುನಾನಿ ಪದ್ಧತಿಗಷ್ಟೇ ಸೇರಿದ ಔಷಧಗಳನ್ನು ಬಿಟ್ಟು. ದೇಶದ ಬಹುಪಾಲು ಜನ ಸೇವಿಸುತ್ತಿದ್ದ ಔಷಧ ಔಷಧ ಕಾಯಿದೆಯ ಮಟ್ಟಿಗೆ ಔಷಧವಲ್ಲ! ಇದನ್ನು ಪರಕೀಯ ಸರ್ಕಾರದ ಉಪೇಕ್ಷೆ ಎನ್ನಬಹುದು. ಹಿತ್ತಲಿನಿಂದ ಅಮೃತಬಳ್ಳಿ ಕಿತ್ತು ತಂದು ಕಷಾಯ ಮಾಡುವ ಪಂಡಿತನ ಮನೆಗೆ ಇನ್‌ಸ್ಪೆಕ್ಟರ್ ಹೋಗದಿರಲಿ ಎಂಬ ವಿವೇಕ ಎಂದೂ ಅನ್ನಬಹುದು. ಎರಡರಲ್ಲೂ ನಿಜದ ಅಂಶವಿದೆ.

ಸ್ವಾತಂತ್ರ್ಯಾನಂತರ ಪಂಡಿತರ ಜಾಗಕ್ಕೆ ಕಾರ್ಖಾನೆಗಳು ಬಂದವು, ಸೀಸೆಗೆ ಲೇಬಲ್ಲು ಬಂತು. 1964ರ ತಿದ್ದುಪಡಿ ಆಯುರ್ವೇದ, ಸಿದ್ಧ, ಯುನಾನಿಗಳನ್ನು ಕಾಯಿದೆಯೊಳಗೆ ಕರೆದುಕೊಂಡಿತು. ಆಗ ಹುಟ್ಟಿದ ವ್ಯಾಖ್ಯೆ ಬಹುಶಃ ನಮ್ಮ ಕಾಯಿದೆಗಳಲ್ಲೆಲ್ಲ ಅಪರೂಪದ್ದು. ಆಯುರ್ವೇದ ಔಷಧ ಎಂದರೆ ಪ್ರಮಾಣ ಗ್ರಂಥಗಳಲ್ಲಿ ಹೇಳಿದ ಯೋಗದಂತೆಯೇ ತಯಾರಿಸಿದ ಔಷಧ. ಪ್ರಮಾಣ ಗ್ರಂಥಗಳು ಯಾವುವು? ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅವುಗಳ ಪಟ್ಟಿಯೇ ಇದೆ: ಚರಕಸಂಹಿತೆ, ಸುಶ್ರುತಸಂಹಿತೆ, ಅಷ್ಟಾಂಗಹೃದಯ, ಶಾರ್ಙ್ಗಧರಸಂಹಿತೆ, ಭಾವಪ್ರಕಾಶ, ಸಹಸ್ರಯೋಗ, ಬಸವರಾಜೀಯ ಇತ್ಯಾದಿ. ಪಾಶ್ಚಾತ್ಯ ಔಷಧವನ್ನು ಅದರ ಉದ್ದೇಶದಿಂದ ಗುರುತಿಸಿದ ಕಾನೂನು ಆಯುರ್ವೇದ ಔಷಧವನ್ನು ಗ್ರಂಥದಿಂದ ಗುರುತಿಸಿತು. ಒಂದಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ, ಇನ್ನೊಂದಕ್ಕೆ ಎಲ್ಲಿ ಹೇಳಿದೆ ಎಂಬ ಪ್ರಶ್ನೆ. 1982ರಲ್ಲಿ ಇದಕ್ಕೆ ಇನ್ನಷ್ಟು ಸಡಿಲಿಕೆ ಸಿಕ್ಕಿತು. ಯೋಗ ಹೊಸದಾದರೂ ಅದರಲ್ಲಿನ ದ್ರವ್ಯಗಳೆಲ್ಲ ಆ ಗ್ರಂಥಗಳ ಯೋಗಗಳಲ್ಲಿ ಬಂದಿದ್ದರೆ ಸಾಕು, ಅದು ಕಂಪನಿಯ ಸ್ವಂತ ಆಯುರ್ವೇದ ಔಷಧ ಎನಿಸುತ್ತದೆ. ಇಂದು ಅಂಗಡಿಯ ಕಪಾಟುಗಳಲ್ಲಿ ಕಾಣುವ ಬಣ್ಣಬಣ್ಣದ ಆಯುರ್ವೇದ ಡಬ್ಬಿಗಳಲ್ಲಿ ಬಹಳಷ್ಟು ಈ ಬಾಗಿಲಿನಿಂದ ಬಂದವು.

ಇನ್ನೊಂದು ಗಡಿ ಜಗಳ ಹೆಂಡದೊಂದಿಗೆ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟಗಳಲ್ಲಿ ಬೆಲ್ಲ ಹುಳಿತು ತಾನೇ ತಾನಾಗಿ ಮದ್ಯಸಾರ ಹುಟ್ಟುತ್ತದೆ. ಟಿಂಚರುಗಳಲ್ಲಿ ಮದ್ಯಸಾರವನ್ನು ಹೊರಗಿನಿಂದ ಸೇರಿಸುತ್ತಾರೆ. 1949ರ ಮುಂಬಯಿ ಪಾನನಿರೋಧ ಕಾಯಿದೆ ಮದ್ಯಸಾರವಿರುವ ಎಲ್ಲ ದ್ರವವನ್ನೂ ಮದ್ಯವೆಂದು ಬಗೆದು ಒಂದೇ ಬಲೆಯಲ್ಲಿ ಹಿಡಿದಿತ್ತು. 1951ರ ಬಲ್ಸಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವಿಸ್ಕಿ ಬ್ರಾಂದಿಗಳನ್ನು ನಿಷೇಧಿಸುವ ಅಧಿಕಾರವನ್ನು ಎತ್ತಿಹಿಡಿದರೂ, ಮದ್ಯಸಾರವಿದೆ ಎಂಬ ಒಂದೇ ಕಾರಣಕ್ಕೆ ಔಷಧವನ್ನೂ ಸುಗಂಧದ್ರವ್ಯವನ್ನೂ ಇಟ್ಟುಕೊಳ್ಳದಂತೆ, ಬಳಸದಂತೆ ತಡೆಯುವುದು ವಿವೇಕವಲ್ಲವೆಂದು ಆ ಭಾಗವನ್ನು ಹೊಡೆದುಹಾಕಿತು. ಬಾಗಿಲು ತೆರೆದರೆ ಒಳಬರುವವರೆಲ್ಲ ರೋಗಿಗಳೇ ಆಗಿರುವುದಿಲ್ಲ ಎಂಬುದೂ ಅಷ್ಟೇ ನಿಜ. ಔಷಧದ ಚೀಟಿ ಅಂಟಿಸಿದ ಮದ್ಯ ಅಂಗಡಿಗಳಲ್ಲಿ ಕಾಣಿಸಿಕೊಂಡಿತು. ಔಷಧಕ್ಕೆ ಅಗತ್ಯವಿರುವುದಕ್ಕಿಂತ ಹೆಚ್ಚು ಮದ್ಯಸಾರ ಇರಕೂಡದೆಂದು ಕೇರಳ ತನ್ನ ಅಬಕಾರಿ ಕಾಯಿದೆಗೆ ತಿದ್ದುಪಡಿ ತಂದಿತು. ಔಷಧ ತಯಾರಕರು ಪ್ರಶ್ನಿಸಿದರು; 1981ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೇರಳದ ಪರವಾಗಿ ನಿಂತಿತು.

ಮಾಟಮಂತ್ರಗಳ ಗಡಿಯನ್ನು 1954ರ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಕಾಯುತ್ತದೆ. ತಾಯಿತ, ಮಂತ್ರ, ಕವಚಗಳ ಹೆಸರು ಹೇಳಿಯೇ ಅದು ‘ಮಾಂತ್ರಿಕ ಪರಿಹಾರ’ ಎಂಬ ಬೇರೆ ವರ್ಗವನ್ನು ಮಾಡಿತು. ರೋಗ ವಾಸಿಮಾಡುವ ಪವಾಡಶಕ್ತಿಯಿದೆ ಎಂದು ಅವುಗಳ ಜಾಹೀರಾತು ಕೊಡುವಂತಿಲ್ಲ. ತಾಯಿತ ಕಟ್ಟಿಕೊಳ್ಳುವವರ ನಂಬಿಕೆಯನ್ನು ಕಾಯಿದೆ ಮುಟ್ಟಲಿಲ್ಲ, ಅದನ್ನು ಪತ್ರಿಕೆಯಲ್ಲಿ ಮಾರುವವರ ಬಾಯಿಯನ್ನಷ್ಟೇ ಮುಚ್ಚಿಸಿತು.

ಪದದ ಬೇಲಿ ಎಲ್ಲಿದೆ ಎಂಬುದು ಪ್ರಾಣದ ಪ್ರಶ್ನೆಯಾಗುವುದೂ ಉಂಟು. 1937ರಲ್ಲಿ ಅಮೆರಿಕದಲ್ಲಿ ‘ಎಲಿಕ್ಸಿರ್ ಸಲ್ಫನಿಲಮೈಡ್’ ಎಂಬ ಸಿಹಿದ್ರವ ಸೇವಿಸಿ 100ಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕರು ಮಕ್ಕಳು, ಮೂತ್ರಪಿಂಡ ಕೆಟ್ಟು ಸತ್ತರು. ಔಷಧವನ್ನು ಕರಗಿಸಲು ಬಳಸಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರಾವಕವೇ ವಿಷ. ಅಲ್ಲಿ ಆಗ ಜಾರಿಯಲ್ಲಿದ್ದ 1906ರ ಕಾಯಿದೆ ಔಷಧ ಸುರಕ್ಷಿತವಾಗಿರಬೇಕು ಎಂದು ಎಲ್ಲಿಯೂ ಹೇಳಿರಲಿಲ್ಲ. ತಯಾರಕರನ್ನು ಹಿಡಿಯಲು ಅಧಿಕಾರಿಗಳಿಗೆ ಸಿಕ್ಕಿದ್ದು ಒಂದು ಪದ ಮಾತ್ರ: ‘ಎಲಿಕ್ಸಿರ್’ ಎಂದರೆ ಮದ್ಯಸಾರ ಇರುವ ಔಷಧ, ಇದರಲ್ಲಿ ಮದ್ಯಸಾರ ಇಲ್ಲ, ಆದ್ದರಿಂದ ಹೆಸರು ಸುಳ್ಳು! ಅಷ್ಟು ಸಾವಿಗೆ ಕಾನೂನು ಹೊರಿಸಬಹುದಾಗಿದ್ದ ಆರೋಪ ತಪ್ಪು ಹೆಸರಿನದು. ಮರುವರ್ಷವೇ, 1938ರಲ್ಲಿ, ಅಮೆರಿಕ ಹೊಸ ಕಾಯಿದೆ ಮಾಡಿತು.

ಅದೇ ವಿಷ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಗೆ ಬಂದಿತು. ಅಲ್ಲಿ ರೋಗಿಗಳಿಗೆ ಕೊಟ್ಟ ಗ್ಲಿಸರಾಲ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿತ್ತು. 14 ಮಂದಿ ಸತ್ತರು. ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಲೆಂಟಿನ್ ಆಯೋಗ, ಔಷಧ ನಿಯಂತ್ರಣ ಎಷ್ಟು ಟೊಳ್ಳಾಗಿತ್ತೆಂಬುದನ್ನು ಬಯಲಿಗೆಳೆಯಿತು. ಗ್ಲಿಸರಿನ್ ಎಂಬ ಪದಾರ್ಥದ ಸ್ವಭಾವವೇ ಇಲ್ಲಿನ ತೊಡಕು. ಸಾಬೂನು ಕಾರ್ಖಾನೆಗೆ, ಬಣ್ಣದ ಕಾರ್ಖಾನೆಗೆ ಹೋಗುವ ಪೀಪಾಯಿ ಔಷಧವಲ್ಲ. ಅದನ್ನು ಯಾವ ಇನ್‌ಸ್ಪೆಕ್ಟರನೂ ಪರೀಕ್ಷಿಸುವುದಿಲ್ಲ. ಅದರಿಂದಲೇ ತುಂಬಿದ ಬಾಟಲಿ ರೋಗಿಯ ಬಾಯಿಗೆಂದು ಹೊರಟ ಕ್ಷಣದಲ್ಲಿ ಔಷಧವಾಗುತ್ತದೆ. ಉದ್ದೇಶವೇ ಔಷಧವನ್ನು ಮಾಡುತ್ತದೆ ಎಂಬ ವ್ಯಾಖ್ಯೆಯ ಶಕ್ತಿ ಬ್ಯಾಂಡೇಜು ಪ್ರಕರಣದಲ್ಲಿ ಕಂಡಿತ್ತು. ಅದರ ದೌರ್ಬಲ್ಯ ಕಂಡದ್ದು ಇಲ್ಲಿ. ಉದ್ದೇಶ ಬದಲಾದ ಗಳಿಗೆಯನ್ನು ಯಾರೂ ಕಾಯುತ್ತಿರಲಿಲ್ಲ.

ಸುಂಕದ ಕಟ್ಟೆಯ ಮೇಲೆ ಈ ಪದದ ಬಣ್ಣವೇ ಬೇರೆ. ಔಷಧಕ್ಕೆ ಸುಂಕ ಕಡಿಮೆ, ಕೆಲವು ಆಯುರ್ವೇದ ಔಷಧಗಳಿಗೆ ವಿನಾಯಿತಿ. ಸೌಂದರ್ಯಸಾಧನಕ್ಕೆ ಸುಂಕ ಹೆಚ್ಚು. ಆದ್ದರಿಂದ ಗುಣಮಟ್ಟದ ಇನ್‌ಸ್ಪೆಕ್ಟರ್ ಎದುರಿಗೆ ‘ಔಷಧವಲ್ಲ’ ಎನ್ನುವ ವ್ಯಾಪಾರವೇ ಸುಂಕದ ಇನ್‌ಸ್ಪೆಕ್ಟರ್ ಎದುರಿಗೆ ‘ಔಷಧವೇ’ ಎನ್ನುತ್ತದೆ. ಕೆಂಪು ಹಲ್ಲುಪುಡಿಯ ಮೊಕದ್ದಮೆಯಲ್ಲಿ ನ್ಯಾಯಾಲಯ ಹಿಡಿದ ಅಳತೆಗೋಲು ಜನಸಾಮಾನ್ಯರ ತಿಳಿವಳಿಕೆ. ಸುಂಕದ ಕಾಯಿದೆಯಲ್ಲಿ ಪದಕ್ಕೆ ಶಾಸ್ತ್ರದ ಅರ್ಥ ಹುಡುಕಬಾರದು, ಕೊಳ್ಳುವವನು ಮಾರುವವನು ಏನೆಂದು ಬಗೆಯುತ್ತಾರೋ ಅದೇ ಅರ್ಥ. ಔಷಧವನ್ನು ಸಾಮಾನ್ಯವಾಗಿ ವೈದ್ಯ ಬರೆದುಕೊಡುತ್ತಾನೆ, ರೋಗ ವಾಸಿಯಾಗುವವರೆಗೆ ಮಾತ್ರ ತೆಗೆದುಕೊಳ್ಳುತ್ತಾರೆ. ಹಲ್ಲುಪುಡಿಯನ್ನು ಮನೆಮಂದಿಯೆಲ್ಲ ದಿನ ಬೆಳಗಾದರೆ ಬಳಸುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಕಾವಿಮಣ್ಣು ಬೇರೆ. 2009ರಲ್ಲಿ ಅದೇ ಪುಡಿ ಹೊಸ ಸುಂಕಪಟ್ಟಿಯ ಪ್ರಕಾರ ಮತ್ತೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗಲೂ ಫಲ ಬೇರೆಯಾಗಲಿಲ್ಲ. ಗ್ರಂಥದಲ್ಲಿಯೂ ಇರಬೇಕು, ಜನರೂ ಔಷಧವೆಂದು ತಿಳಿದಿರಬೇಕು, ಎರಡೂ ಕೂಡಿದರಷ್ಟೇ ಆಯುರ್ವೇದ ಔಷಧ ಎಂಬುದು ಖಚಿತವಾಯಿತು.

ಕೇಳಲು ಇದು ಸರಳವಾಗಿದೆ. ಆದರೆ ನ್ಯಾಯಾಲಯ ಹಿಡಿದ ಅಳತೆಗೋಲು ಆಯುರ್ವೇದದ್ದಲ್ಲ. ಚರಕ ಔಷಧವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ: ಆರೋಗ್ಯವಂತನ ಬಲವನ್ನು ಹೆಚ್ಚಿಸುವುದು ಒಂದು, ರೋಗಿಯ ರೋಗವನ್ನು ಕಳೆಯುವುದು ಮತ್ತೊಂದು. ಅಷ್ಟಾಂಗಹೃದಯ ‘ದಿನಚರ್ಯೆ’ಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಹಲ್ಲುಜ್ಜುವುದು, ಎಣ್ಣೆ ಹಚ್ಚಿಕೊಳ್ಳುವುದು ಎಲ್ಲ ಅಲ್ಲಿ ವೈದ್ಯಶಾಸ್ತ್ರದ ವಿಷಯ. ದಿನವೂ ಬಳಸುವುದು ಔಷಧವಲ್ಲ ಎಂಬ ಮಾತು ಅದೇ ಗ್ರಂಥಗಳಿಗೆ ತಿರುಗೇಟು. ಒಂದು ಕಾಯಿದೆ ಆ ಗ್ರಂಥಗಳನ್ನು ಪ್ರಮಾಣವೆಂದು ಅನುಸೂಚಿಯಲ್ಲಿ ಕೂರಿಸಿದರೆ ಇನ್ನೊಂದು ಅವುಗಳ ಮೂಲಭಾವವನ್ನೇ ಬದಿಗೆ ಸರಿಸುತ್ತದೆ. ಹಾಗೆಂದು ಚರಕನ ಅಳತೆಯಲ್ಲೇ ಸುಂಕ ಎತ್ತಲು ಹೊರಟರೆ ಸೀಗೆಪುಡಿಯಿಂದ ಹಿಡಿದು ಅಡಿಗೆಮನೆಯ ಜೀರಿಗೆಯವರೆಗೆ ಯಾವುದು ಔಷಧವಲ್ಲ? ನ್ಯಾಯಾಧೀಶರ ಕಷ್ಟವೂ ಸುಳ್ಳಲ್ಲ.

ಜನಸಾಮಾನ್ಯರ ತಿಳಿವಳಿಕೆ ಎಂಬ ಕೋಲು ಎಲ್ಲ ಸಲವೂ ಒಂದೇ ಕಡೆಗೆ ಬಾಗಿಲ್ಲ. ಹಲ್ಲುಪುಡಿ ಸೋತ 1995ರಲ್ಲೇ ‘ಸೆಲ್ಸನ್’ ಎಂಬ ಶಾಂಪೂ ಗೆದ್ದಿತು. ತಲೆಹೊಟ್ಟಿಗೆಂದು ಅದರಲ್ಲಿ ಶೇಕಡಾ 2.5ರಷ್ಟು ಸೆಲೆನಿಯಂ ಸಲ್ಫೈಡ್ ಇತ್ತು, ಬಳಸುವ ಬಗೆಯ ಬಗ್ಗೆ ಸೀಸೆಯ ಮೇಲೆ ಎಚ್ಚರಿಕೆ ಇತ್ತು. ದಿನಬಳಕೆಯ ಶಾಂಪೂ ಎಂದು ಅದನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದು ಔಷಧ. 2003ರಲ್ಲಿ ಸೇನೆಗೆ ಪೂರೈಸಿದ ತುಟಿಮುಲಾಮಿನ ಪ್ರಶ್ನೆ ಬಂತು. ಹಿಮದ ಎತ್ತರಗಳಲ್ಲಿ ಯೋಧರ ತುಟಿ ಒಡೆಯದಂತೆ ಕಾಯುವ ವಸ್ತು. ಆದರೂ ಅದು ತುಟಿಯ ಆರೈಕೆಯ ಸಾಧನವೇ ಹೊರತು ಔಷಧವಲ್ಲ ಎಂದು ತೀರ್ಪಾಯಿತು.

ಸುಂಕದ ಕಾಯಿದೆಯಲ್ಲಿ ಪದ ಹೀಗೆ ಕುಗ್ಗುತ್ತಿದ್ದಂತೆ ಸುರಕ್ಷತೆಯ ಕಾಯಿದೆಯಲ್ಲಿ ಅದು ಹಿಗ್ಗುತ್ತಲೇ ಹೋಯಿತು. 1982ರಲ್ಲಿ ಸೊಳ್ಳೆ ಕಚ್ಚದಂತೆ ಮೈಗೆ ಹಚ್ಚುವ ಮುಲಾಮು ಸೇರಿತು, ಒಳಗೇನೂ ಇಲ್ಲದ ಖಾಲಿ ಕ್ಯಾಪ್ಸೂಲೂ ಸೇರಿತು. ನಿರೋಧಕ್ಕೂ ಇದೇ ಕಾಯಿದೆಯ ಗುಣಮಟ್ಟ. 2005ರ ಅಧಿಸೂಚನೆ ಹೃದಯದ ರಕ್ತನಾಳದಲ್ಲಿಡುವ ಸ್ಟೆಂಟನ್ನು ಔಷಧವೆಂದಿತು. ಕಾಗದದ ಮೇಲಿನ ಈ ಮಾತು ಹನ್ನೆರಡು ವರ್ಷಗಳ ಮೇಲೆ ಫಲ ಕೊಟ್ಟಿತು. ಸ್ಟೆಂಟು ಔಷಧವಾದ್ದರಿಂದಲೇ ಅದನ್ನು 2016ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಲು, 2017ರ ಫೆಬ್ರುವರಿಯಲ್ಲಿ ಔಷಧ ಬೆಲೆ ನಿಯಂತ್ರಣ ಆದೇಶದಡಿ ದರ ಕಟ್ಟಲು ಸಾಧ್ಯವಾಯಿತು. ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ ಎಂದು ನಿಗದಿಯಾಯಿತು. ಅದಕ್ಕೆ ಮೊದಲು ಲೇಪಿತ ಸ್ಟೆಂಟಿನ ಮೇಲೆ ನಮೂದಾಗುತ್ತಿದ್ದ ಬೆಲೆ ಲಕ್ಷ ದಾಟುತ್ತಿತ್ತು. ಒಂದು ತಂತಿಬಲೆಯನ್ನು ಔಷಧವೆಂದು ಕರೆದದ್ದಕ್ಕೆ ಸಾವಿರಾರು ಕುಟುಂಬಗಳು ಸಾಲದಿಂದ ಉಳಿದವು.

2020ರ ಏಪ್ರಿಲ್ 1ರಿಂದ ಈ ವಿಸ್ತಾರ ಇನ್ನೂ ಮುಂದೆ ಹೋಗಿದೆ. ಥರ್ಮಾಮೀಟರು, ರಕ್ತದೊತ್ತಡ ಅಳೆಯುವ ಯಂತ್ರ ಮುಂತಾದ ವೈದ್ಯಕೀಯ ಸಾಧನಗಳೆಲ್ಲವೂ ಕಾಯಿದೆಯ ಮಟ್ಟಿಗೆ ಔಷಧಗಳೇ. ರೋಗಪತ್ತೆಗೆಂದು ಬರೆದ ಕಂಪ್ಯೂಟರ್ ಸಾಫ್ಟ್‌ವೇರ್ ಕೂಡ. ಮುಟ್ಟಲು ನೆಕ್ಕಲು ಬಾರದ ವಸ್ತುವೂ ಔಷಧವಾದ ಮೇಲೆ ಆ ಮುಂಬಯಿ ವ್ಯಾಪಾರಿಯ ಹತ್ತಿಯ ಬಗ್ಗೆ ನಗುವ ಹಾಗಿಲ್ಲ.

ಹಲ್ಲುಪುಡಿಯ ಜಗಳದ ಬಿಸಿ ಮಾತ್ರ ಆರಿದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದಾಗ ಹಲ್ಲುಪುಡಿ, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ, ಶಾಂಪೂ ಎಲ್ಲಕ್ಕೂ ತೆರಿಗೆ ಶೇಕಡಾ 5 ಆಯಿತು. ಸಾಮಾನ್ಯವಾಗಿ ಔಷಧಗಳಿಗೂ ಅಷ್ಟೇ. ಎರಡು ಕಡೆಯೂ ಒಂದೇ ತೆರಿಗೆಯಾದ ಮೇಲೆ ಔಷಧವೆನಿಸಿಕೊಳ್ಳಲು ವಕೀಲರನ್ನು ಇಡುವವರು ಯಾರು? ಆದರೆ ಮುಖಕ್ಕೆ ಹಚ್ಚುವ ಸೌಂದರ್ಯದ ಕ್ರೀಮು ಶೇಕಡಾ 18ರಲ್ಲೇ ಉಳಿದಿದೆ. ಬೇವು, ಅರಿಸಿನ ಹಾಕಿದ ಕ್ರೀಮಿನ ಡಬ್ಬಿಯೊಂದು ಮೊಡವೆಯ ಔಷಧವೋ ಮುಖಕಾಂತಿಯ ಸಾಧನವೋ ಎಂಬ ಪ್ರಶ್ನೆಗೆ ಇಂದಿಗೂ ನೂರಕ್ಕೆ ಹದಿಮೂರು ರೂಪಾಯಿಯ ಬೆಲೆಯಿದೆ.